ಪ್ರೋಗ್ರಾಂ ತೆರೆದಿದೆ, ವಿಂಡೋ ಮಾತ್ರ ಕಾಣುತ್ತಿಲ್ಲ: ಪತ್ತೆ ಹಚ್ಚಿ ಎಳೆದು ತರುವ ಕೈಪಿಡಿ

ಕಾಲೇಜು, ಪಂಚಾಯಿತಿ ಕಚೇರಿ, ಡಿಟಿಪಿ ಅಂಗಡಿ ಎಂದು ನಾಲ್ಕಾರು ಕಡೆಯ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ತಪ್ಪದೆ ಬರುವ ದೂರು ಒಂದಿದೆ: ‘ವರ್ಡ್ ಓಪನ್ ಆಗುತ್ತಿಲ್ಲ.’ ಹೋಗಿ ನೋಡಿದರೆ ವರ್ಡ್ ತೆರೆದೇ ಇರುತ್ತದೆ. ಒಮ್ಮೆಯಲ್ಲ, ಗಾಬರಿಯಲ್ಲಿ ಚಿಹ್ನೆಯನ್ನು ಕುಟ್ಟಿದಷ್ಟು ಸಲವೂ ತೆರೆದಿರುತ್ತದೆ. ಕಾಣದೇ ಇರುವುದು ಅದರ ವಿಂಡೋ. ಇಷ್ಟಕ್ಕೇ ಆಫೀಸ್ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದವರಿದ್ದಾರೆ, ಇಡೀ ಯಂತ್ರವನ್ನೇ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟವರೂ ಇದ್ದಾರೆ.

ಇಲ್ಲಿರುವ ವಿವರ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ನಮ್ಮ ಕಚೇರಿಗಳ ಮೇಜಿನಿಂದ ಅದಿನ್ನೂ ಇಳಿದಿಲ್ಲ. ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಬಳಸುವವರಿಗೆ ಕೊನೆಯ ಕಡೆ ಒಂದಿಷ್ಟು ಹೇಳಿದ್ದೇನೆ.

## ಮೊದಲು ಪತ್ತೆ, ಆಮೇಲೆ ಮದ್ದು

ಯಂತ್ರವನ್ನು ರೀಸ್ಟಾರ್ಟ್ ಮಾಡುವ ಆಸೆಯನ್ನು ಸ್ವಲ್ಪ ತಡೆಯಿರಿ. ರೀಸ್ಟಾರ್ಟ್ ಮಾಡಿದರೆ ಕೆಲವು ದೋಷ ಹೋಗುತ್ತದೆ, ಏಕೆ ಹೋಯಿತು ಎಂಬುದು ಗೊತ್ತಾಗುವುದಿಲ್ಲ. ಇನ್ನು ಕೆಲವು ದೋಷ ಹೋಗುವುದೇ ಇಲ್ಲ. ಅದರ ಬದಲು ಈ ಮೂರನ್ನು ನೋಡಿ.

ಟಾಸ್ಕ್‌ಬಾರಿನಲ್ಲಿ ಆ ಪ್ರೋಗ್ರಾಮಿನ ಚಿಹ್ನೆಯ ಅಡಿಯಲ್ಲಿ ಚಿಕ್ಕ ಗೆರೆ ಇದೆಯೇ? ಇದ್ದರೆ ಅದು ಓಡುತ್ತಿದೆ. ಗೆರೆ ಇಲ್ಲದಿದ್ದರೆ ಪ್ರೋಗ್ರಾಂ ನಿಜಕ್ಕೂ ತೆರೆದಿಲ್ಲ, ಇಲ್ಲವೇ ಬೇರೊಂದು ವರ್ಚುವಲ್ ಡೆಸ್ಕ್‌ಟಾಪಿನಲ್ಲಿ, ಅಂದರೆ ಅದೇ ಪರದೆಯಲ್ಲಿ ಬದಲಿಸಿಕೊಳ್ಳಬಹುದಾದ ಇನ್ನೊಂದು ಕೆಲಸದ ಮೇಜಿನಲ್ಲಿ, ತೆರೆದಿದೆ. ಈ ಎರಡನೆಯದನ್ನು ಮುಂದೆ ನೋಡೋಣ.

ಚಿಹ್ನೆಯ ಮೇಲೆ ಮೌಸ್ ಇಟ್ಟು, ಮೇಲೇಳುವ ಚಿಕ್ಕ ಚಿತ್ರದ ಮೇಲೆ ಪಾಯಿಂಟರ್ ನಿಲ್ಲಿಸಿ. ವಿಂಡೋ ಪರದೆಯ ಮೇಲೆಲ್ಲಾದರೂ ಇದ್ದರೆ ಆ ಜಾಗದಲ್ಲಿ ಅದು ಮೂಡಿ ಕಾಣುತ್ತದೆ. ಚಿಕ್ಕ ಚಿತ್ರವಿದೆ, ಪರದೆ ಮಾತ್ರ ಖಾಲಿ ಎಂದರೆ ವಿಂಡೋ ಹೊರಗಿದೆ ಎಂಬ ಅನುಮಾನ ಬಲವಾಗುತ್ತದೆ.

ಮೂರನೆಯದು ಬಹಳ ಜನ ಮಾಡದ ಪರೀಕ್ಷೆ. ಮೌಸನ್ನು ಪರದೆಯ ಬಲ ಅಂಚಿಗೆ ಜೋರಾಗಿ ತಳ್ಳಿ, ಆಮೇಲೆ ಎಡಕ್ಕೆ, ಮೇಲಕ್ಕೆ, ಕೆಳಕ್ಕೆ. ಪಾಯಿಂಟರ್ ಅಂಚಿನಲ್ಲಿ ನಿಲ್ಲಬೇಕು. ಯಾವುದಾದರೂ ಅಂಚನ್ನು ದಾಟಿ ಮಾಯವಾದರೆ, ನಿಮ್ಮ ಕಣ್ಣಿಗೆ ಒಂದೇ ಪರದೆ ಇದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಎರಡಿವೆ. ಕಳೆದುಹೋದ ವಿಂಡೋ ಆ ಎರಡನೆಯದರಲ್ಲಿ ಕೂತಿರುವ ಸಾಧ್ಯತೆಯೇ ಹೆಚ್ಚು.

## ಇಲ್ಲದ ಮಾನಿಟರಿನಲ್ಲಿ ತೆರೆದುಕೊಂಡ ವಿಂಡೋ

ಪಾಯಿಂಟರ್ ಅಂಚು ದಾಟಿತೇ? ಹಾಗಾದರೆ ಯಂತ್ರದ ಹಿಂಬದಿ ನೋಡಿ. ಸಭಾಂಗಣದ ಪ್ರೊಜೆಕ್ಟರಿನದೋ ಟಿವಿಯದೋ ಎಚ್‌ಡಿಎಂಐ ತಂತಿ ಇನ್ನೂ ಸಿಕ್ಕಿಸಿಯೇ ಇರುತ್ತದೆ. ಟಿವಿಯನ್ನು ರಿಮೋಟ್‌ನಲ್ಲಿ ಆರಿಸಿದ ಮಾತ್ರಕ್ಕೆ ಅದು ಹೋಯಿತು ಎಂದು ಕಂಪ್ಯೂಟರಿಗೆ ತಿಳಿಯಬೇಕೆಂದಿಲ್ಲ. ಎಷ್ಟೋ ಟಿವಿಗಳು ಆರಿದ ಮೇಲೂ ತಂತಿಯ ಮೂಲಕ ‘ಇದ್ದೇನೆ’ ಎಂದು ಹೇಳುತ್ತಲೇ ಇರುತ್ತವೆ. ವಿಂಡೋಸ್ ಅದನ್ನು ನಂಬುತ್ತದೆ, ನೀವು ತೆರೆದದ್ದನ್ನು ಆ ಕತ್ತಲೆ ಪರದೆಗೆ ಕಳಿಸುತ್ತದೆ.

ಇದಕ್ಕೆ ಮದ್ದು ವಿಂಡೋಸ್ ಕೀಲಿ ಹಿಡಿದು ಪಿ ಒತ್ತುವುದು. ನಾಲ್ಕು ಆಯ್ಕೆ ಬರುತ್ತವೆ: ಪಿಸಿ ಸ್ಕ್ರೀನ್ ಓನ್ಲಿ, ಡೂಪ್ಲಿಕೇಟ್ (ಎರಡರಲ್ಲೂ ಒಂದೇ ಚಿತ್ರ), ಎಕ್ಸ್‌ಟೆಂಡ್ (ಎರಡೂ ಸೇರಿ ಒಂದೇ ದೊಡ್ಡ ಜಾಗ), ಸೆಕೆಂಡ್ ಸ್ಕ್ರೀನ್ ಓನ್ಲಿ. ಮೊದಲನೆಯದನ್ನು ಆರಿಸಿದರೆ ಎರಡನೆಯ ಪರದೆ ಲೆಕ್ಕದಿಂದ ಹೋಗುತ್ತದೆ, ಅಲ್ಲಿದ್ದ ವಿಂಡೋಗಳು ಈಚೆ ಬರುತ್ತವೆ. ಕೊನೆಯದನ್ನು ಕೈತಪ್ಪಿ ಆರಿಸಿಬಿಟ್ಟರೆ ಮುಂದಿರುವ ಪರದೆಯೇ ಕಪ್ಪಾಗುತ್ತದೆ. ಆಗ ಮಾನಿಟರ್ ಹೋಯಿತೆಂದು ಹೆದರಬೇಡಿ; ಅದೇ ಎರಡು ಕೀಲಿಗಳನ್ನು ಮತ್ತೆ ಒತ್ತಿ, ಬಾಣದ ಕೀಲಿಯಿಂದ ಸರಿಸಿ ಎಂಟರ್ ಕೊಟ್ಟು ನೋಡಿ. ಆಯ್ಕೆ ಪಟ್ಟಿ ಕಾಣದ ಕಾರಣ ಒಂದೆರಡು ಸಲ ಅಂದಾಜಿನಲ್ಲಿ ಒತ್ತಬೇಕಾದೀತು. ಆಗದಿದ್ದರೆ ಆ ಇನ್ನೊಂದು ತಂತಿಯನ್ನು ಕೀಳಿ.

ಪಾಯಿಂಟರ್ ಅಂಚಿನಲ್ಲೇ ನಿಲ್ಲುತ್ತದೆ, ತಂತಿ ಯಾವುದೂ ಇಲ್ಲ, ಆದರೂ ವಿಂಡೋ ಹೊರಗಿದೆ ಎಂದರೆ ಕಥೆ ಬೇರೆ. ವಿಂಡೋಸ್ ಜಾಗವನ್ನು ಅಳೆಯುವುದು ಮುಖ್ಯ ಮಾನಿಟರಿನ ಎಡಗಡೆಯ ಮೇಲ್ಮೂಲೆಯಿಂದ. ಆ ಮೂಲೆ ಅಡ್ಡಕ್ಕೂ ಸೊನ್ನೆ, ಉದ್ದಕ್ಕೂ ಸೊನ್ನೆ. 1920×1080 ಚುಕ್ಕೆಗಳ ಮಾನಿಟರ್ ಆದರೆ ಅಡ್ಡಕ್ಕೆ 0ಯಿಂದ 1919ರವರೆಗೆ ನಿಮ್ಮ ಪರದೆ. ಅದರ ಬಲಕ್ಕೆ ಪ್ರೊಜೆಕ್ಟರ್ ಹಚ್ಚಿ ಎಕ್ಸ್‌ಟೆಂಡ್ ಮಾಡಿದರೆ ಅದರ ಲೆಕ್ಕ 1920ರಿಂದ ಶುರು. ಎಡಕ್ಕೆ ಇದೆ ಎಂದು ಹೊಂದಿಸಿದ್ದರೆ ಋಣ ಸಂಖ್ಯೆಗಳು. ತಂತಿ ಕಿತ್ತಾಗ ತೆರೆದಿರುವ ವಿಂಡೋಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಳಗೆ ಎಳೆದುಕೊಳ್ಳುತ್ತದೆ. ತೊಂದರೆ ಬರುವುದು ಆಗ ಮುಚ್ಚಿದ್ದ ಪ್ರೋಗ್ರಾಮುಗಳಿಂದ. ಬಹಳಷ್ಟು ಪ್ರೋಗ್ರಾಮುಗಳು ಮುಚ್ಚುವಾಗ ತಾವು ನಿಂತಿದ್ದ ಜಾಗವನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಅಲ್ಲಿಗೇ ಹೋಗುತ್ತವೆ. ಆ ಜಾಗ ಈಗ ಇದೆಯೇ ಎಂದು ನೋಡುವ ಜಾಣತನ ಎಲ್ಲಕ್ಕೂ ಇರುವುದಿಲ್ಲ. ಮನೆ ಖಾಲಿ ಮಾಡಿ ಹೋದವರ ಹಳೆಯ ವಿಳಾಸಕ್ಕೇ ಕಾಗದ ಹಾಕಿದ ಹಾಗೆ.

ರೀಸ್ಟಾರ್ಟ್ ಇಲ್ಲಿ ಸೋಲುವುದು ಇದಕ್ಕೇ. ಬರೆದಿಟ್ಟ ಸಂಖ್ಯೆ ಡಿಸ್ಕ್‌ನಲ್ಲಿ ಹಾಗೇ ಉಳಿದಿರುತ್ತದೆ. ವಿಂಡೋಸ್ 10ರ ನೋಟ್‌ಪ್ಯಾಡ್‌ನಂಥ ಸಣ್ಣ ಪ್ರೋಗ್ರಾಂ ಕೂಡ ತನ್ನ ಎಡ ಅಂಚು, ಮೇಲಂಚು, ಅಗಲ, ಎತ್ತರ ಇಷ್ಟನ್ನೂ ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗುಗಳನ್ನು ಇಡುವ ವಿಂಡೋಸ್‌ನ ಕಣಜದಲ್ಲಿ, ಬರೆದಿಡುತ್ತದೆ. ಕಿತ್ತು ಮತ್ತೆ ಹಾಕಿದರೂ ಬಳಕೆದಾರನ ಈ ಖಾಸಗಿ ಲೆಕ್ಕ ಅನೇಕ ಬಾರಿ ಅಳಿಯುವುದಿಲ್ಲ. ‘ಹೊಸದಾಗಿ ಹಾಕಿದರೂ ಹಾಗೇ ಇದೆ’ ಎಂದು ಜನ ತಲೆ ಕೆಡಿಸಿಕೊಳ್ಳುವುದು ಅದಕ್ಕೆ.

ಎಳೆದು ತರುವ ಕ್ರಮ ಹೀಗೆ. ಟಾಸ್ಕ್‌ಬಾರಿನ ಚಿಹ್ನೆಯನ್ನು ಕ್ಲಿಕ್ ಮಾಡಿ ಆ ಪ್ರೋಗ್ರಾಮನ್ನು ಸಕ್ರಿಯಗೊಳಿಸಿ. ಆಲ್ಟ್ ಹಿಡಿದು ಸ್ಪೇಸ್‌ಬಾರ್ ಒತ್ತಿ. ರಿಸ್ಟೋರ್, ಮೂವ್, ಸೈಜ್ ಎಂದೆಲ್ಲ ಇರುವ ಚಿಕ್ಕ ಮೆನು ಪರದೆಯ ಅಂಚಿನಲ್ಲೆಲ್ಲೋ ತೆರೆಯುತ್ತದೆ. ಮೂವ್‌ಗೆ ಎಂ ಅಕ್ಷರ ಒತ್ತಿ. ಈಗ ಮೌಸ್ ಮುಟ್ಟುವ ಮೊದಲು ಯಾವುದಾದರೂ ಒಂದು ಬಾಣದ ಕೀಲಿಯನ್ನು ಒಮ್ಮೆ ಒತ್ತಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಏಕೆಂದರೆ ಆ ಒಂದು ಒತ್ತಿನಿಂದಲೇ ವಿಂಡೋ ಪಾಯಿಂಟರಿಗೆ ಅಂಟಿಕೊಳ್ಳುವುದು. ಆಮೇಲೆ ಮೌಸ್ ಅಲ್ಲಾಡಿಸಿದರೆ ಸಾಕು, ವಿಂಡೋ ಪಾಯಿಂಟರಿನ ಹಿಂದೆಯೇ ಪರದೆಯೊಳಗೆ ಬರುತ್ತದೆ. ಒಂದು ಕ್ಲಿಕ್ ಕೊಟ್ಟು ಇಳಿಸಿ.

ಮೂವ್ ಮಂಕಾಗಿದ್ದು ಆಯ್ಕೆಯಾಗದಿದ್ದರೆ ವಿಂಡೋ ಮ್ಯಾಕ್ಸಿಮೈಸ್ ಅಥವಾ ಮಿನಿಮೈಸ್ ಸ್ಥಿತಿಯಲ್ಲಿದೆ. ಅದೇ ಮೆನುವಿನಲ್ಲಿ ಮೊದಲು ರಿಸ್ಟೋರ್, ಅಂದರೆ ಆರ್ ಒತ್ತಿ, ಮತ್ತೆ ಮೊದಲಿನಿಂದ ಮಾಡಿ. ಆಲ್ಟ್ ಮತ್ತು ಸ್ಪೇಸ್‌ಬಾರಿಗೆ ಮೆನು ಬರದೆ ಹುಡುಕುವ ಪಟ್ಟಿಯೊಂದು ಬಂದರೆ, ಪ್ರೋಗ್ರಾಂ ಹುಡುಕಿ ತೆರೆಯುವ ಪವರ್‌ಟಾಯ್ಸ್ ರನ್‌ನಂಥ ಉಪಕರಣ ಆ ಕೀಲಿ ಜೋಡಿಯನ್ನು ತನ್ನದಾಗಿಸಿಕೊಂಡಿದೆ ಎಂದರ್ಥ. ಆಗ ಟಾಸ್ಕ್‌ಬಾರಿನ ಚಿಕ್ಕ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿದರೂ ಅದೇ ಮೆನು ಸಿಗುತ್ತದೆ.

ಆತುರದವರಿಗೆ ಅಡ್ಡದಾರಿಯೂ ಇದೆ. ವಿಂಡೋಸ್ ಮತ್ತು ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣ ಒತ್ತಿದರೆ ವಿಂಡೋ ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಹಾರುತ್ತದೆ. ಎರಡನೆಯ ಮಾನಿಟರ್ ಲೆಕ್ಕದಲ್ಲಿ ಇದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾನಿಟರ್ ಒಂದೇ ಇದ್ದರೆ ವಿಂಡೋಸ್ ಹಿಡಿದು ಮೇಲಿನ ಬಾಣ ಒತ್ತಿ ಮ್ಯಾಕ್ಸಿಮೈಸ್ ಮಾಡಿ ನೋಡಿ. ವಿಂಡೋಸ್ 10ರಲ್ಲಿ ಟಾಸ್ಕ್‌ಬಾರಿನ ಖಾಲಿ ಜಾಗದ ಬಲ ಕ್ಲಿಕ್ಕಿನಲ್ಲಿ ‘ಕ್ಯಾಸ್ಕೇಡ್ ವಿಂಡೋಸ್’ ಎಂಬುದಿತ್ತು. ಮಿನಿಮೈಸ್ ಆಗದ ಎಲ್ಲ ವಿಂಡೋಗಳನ್ನೂ ಪರದೆಯ ಮೇಲೆ ಒಂದರ ಮೇಲೊಂದು ಜೋಡಿಸಿಡುತ್ತಿತ್ತು. ವಿಂಡೋಸ್ 11ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ನನ್ನ ಮಟ್ಟಿಗೆ 11ರಲ್ಲಿ ಆದ ನಷ್ಟಗಳಲ್ಲಿ ಇದೂ ಒಂದು.

ಒಳಗೆ ಬಂದ ವಿಂಡೋವನ್ನು ಪರದೆಯ ನಡುವೆ ನಿಲ್ಲಿಸಿ, ಮೂಲೆಯ ಕತ್ತರಿ (×) ಗುರುತಿನಿಂದ ಒಮ್ಮೆ ಸರಿಯಾಗಿ ಮುಚ್ಚಿ, ಮತ್ತೆ ತೆರೆಯಿರಿ. ಹೊಸ ಜಾಗ ಆಗ ಬರೆಯಲ್ಪಡುತ್ತದೆ. ಇದನ್ನು ಮಾಡದೆ ಟಾಸ್ಕ್ ಮ್ಯಾನೇಜರಿನಿಂದ ಕೊಂದರೆ ಹಳೆಯ ಸಂಖ್ಯೆ ಹಾಗೇ ಉಳಿದು ನಾಳೆ ಮತ್ತೆ ಅದೇ ದೂರು.

ಪ್ರೊಜೆಕ್ಟರನ್ನೇ ಕಾಣದ ಯಂತ್ರದಲ್ಲಿ ವಿಂಡೋ ಹೊರಗೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಮಿನಿಮೈಸ್ ಮಾಡಿದ ವಿಂಡೋವನ್ನು ವಿಂಡೋಸ್ ಒಳಗೊಳಗೆ ಇಡುವುದು −32000, −32000 ಎಂಬ ಜಾಗದಲ್ಲಿ, ಯಾವ ಮಾನಿಟರಿಗೂ ಎಟುಕದಷ್ಟು ದೂರ. ಮಿನಿಮೈಸ್ ಆಗಿದ್ದಾಗಲೇ ಮುಚ್ಚಿದರೆ, ಅರೆಬರೆ ಬರೆದ ಪ್ರೋಗ್ರಾಮುಗಳು ಆ ಸಂಖ್ಯೆಯನ್ನೇ ತಮ್ಮ ಜಾಗ ಎಂದು ಉಳಿಸಿಕೊಳ್ಳುತ್ತವೆ. ಪ್ರೋಗ್ರಾಮಿನ ಸೆಟ್ಟಿಂಗ್ ಕಡತವನ್ನು ತೆರೆದು ನೋಡಿದಾಗ ಈ ಸಂಖ್ಯೆ ಕಂಡರೆ ಇನ್ನೇನೂ ಹುಡುಕಬೇಕಿಲ್ಲ. ಅದರ ಜಾಗದಲ್ಲಿ 100 ಎಂದು ಬರೆದು ಉಳಿಸಿ.

## ತಲೆ ಮೇಲೆ, ಇಲ್ಲವೇ ಬುಡ ಕೆಳಗೆ

ವಿಂಡೋ ಕಾಣುತ್ತಿದೆ, ಆದರೆ ಶೀರ್ಷಿಕೆ ಪಟ್ಟಿ ಪರದೆಯ ಮೇಲಕ್ಕೆ ಹೋಗಿ ಹಿಡಿದು ಎಳೆಯಲು ಏನೂ ಇಲ್ಲ. ಅಥವಾ ಸೆಟ್ಟಿಂಗ್ ಪೆಟ್ಟಿಗೆಯ ‘ಓಕೆ’ ಗುಂಡಿ ಟಾಸ್ಕ್‌ಬಾರಿನ ಅಡಿಗೆ ಸೇರಿದೆ. ಎರಡಕ್ಕೂ ಮೇಲಿನ ಮೂವ್ ವಿಧಾನವೇ ಸಾಕು. ಮೌಸಿನಲ್ಲಿ ಎಳೆದರೆ ಶೀರ್ಷಿಕೆ ಪಟ್ಟಿ ಪರದೆಯ ಮೇಲಂಚು ದಾಟದು, ಬಾಣದ ಕೀಲಿಯಿಂದ ಸರಿಸಿದರೆ ದಾಟುತ್ತದೆ. ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳಿ ಕೆಳಗಿನ ಗುಂಡಿ ತೋರುವ ಹಾಗೆ ಮಾಡಿಕೊಳ್ಳಬಹುದು.

ಇದು ಮತ್ತೆ ಮತ್ತೆ ಆಗುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ ನೋಡಿ. ಕಚೇರಿಗಳಲ್ಲಿ ಇನ್ನೂ ಸಾಕಷ್ಟಿರುವ 1366×768ರ ಪರದೆಯಲ್ಲಿ, ಅಕ್ಷರ ದೊಡ್ಡದಾಗಲಿ ಎಂದು ಯಾರಾದರೂ 125 ಪ್ರತಿಶತ ಮಾಡಿಟ್ಟರೆ, ಪ್ರೋಗ್ರಾಮಿಗೆ ಸಿಗುವ ಎತ್ತರ ಸುಮಾರು 614 ಚುಕ್ಕೆ ಮಾತ್ರ. ಅದರಲ್ಲಿ ಟಾಸ್ಕ್‌ಬಾರಿಗೂ ಪಾಲು ಹೋಗಬೇಕು. ಹಳೆಯ ಲೆಕ್ಕಪತ್ರ ತಂತ್ರಾಂಶಗಳ ಉದ್ದನೆಯ ನಮೂನೆಗಳು ಅಷ್ಟರಲ್ಲಿ ಹಿಡಿಸುವುದಿಲ್ಲ. ಸ್ಕೇಲನ್ನು 100ಕ್ಕೆ ಇಳಿಸಿ, ಕಣ್ಣಿಗೆ ಕಷ್ಟವಾದರೆ ವರ್ಡ್, ಬ್ರೌಸರ್‌ಗಳಲ್ಲಿ ಮಾತ್ರ ಜೂಮ್ ಹೆಚ್ಚಿಸಿಕೊಳ್ಳುವುದು ಮೇಲು.

## ‘ಕ್ಲಿಕ್ ಮಾಡಿದರೆ ಟಿಣ್ ಎನ್ನುತ್ತದೆ, ಏನೂ ಆಗುವುದಿಲ್ಲ’

ಈ ದೂರಿಗೆ ‘ಹ್ಯಾಂಗ್ ಆಗಿದೆ’ ಎಂಬ ಹೆಸರು ಸುಮ್ಮನೆ ಅಂಟಿದೆ. ಟಿಣ್ ಎಂಬ ಸದ್ದು ಬಂದರೆ ಪ್ರೋಗ್ರಾಂ ಜೀವಂತವಾಗಿದೆ ಎಂದೇ ಅರ್ಥ. ಅದು ಯಾವುದೋ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದೆ, ಉತ್ತರ ಬರುವ ತನಕ ಮುಖ್ಯ ವಿಂಡೋವನ್ನು ಮುಟ್ಟಗೊಡುವುದಿಲ್ಲ. ಪ್ರಶ್ನೆಯ ಪೆಟ್ಟಿಗೆ ಮರೆಯಲ್ಲಿದೆ, ಅಷ್ಟೆ.

ಎಸ್ಕೇಪ್ ಕೀಲಿ ಒತ್ತಿ. ಕಾಣದ ಪೆಟ್ಟಿಗೆಗೆ ‘ಬೇಡ’ ಎಂದು ಹೇಳುವುದು ಬಹುಪಾಲು ಸುರಕ್ಷಿತ. ಎಂಟರ್ ಒತ್ತಬೇಡಿ, ಪ್ರಶ್ನೆ ‘ಹಳೆಯ ಕಡತದ ಮೇಲೇ ಬರೆಯಲೇ?’ ಎಂದಿರಬಹುದು. ಎಸ್ಕೇಪ್‌ಗೆ ಬಗ್ಗದಿದ್ದರೆ ಆ ಪೆಟ್ಟಿಗೆಯೇ ಪರದೆಯ ಹೊರಗೆ ಹೋಗಿರಬಹುದು. ಆಗ ಸಕ್ರಿಯ ವಿಂಡೋ ಅದೇ ಆಗಿರುವುದರಿಂದ ಆಲ್ಟ್, ಸ್ಪೇಸ್‌ಬಾರ್, ಎಂ ಎಂಬ ಅದೇ ಮಂತ್ರ ಅದರ ಮೇಲೆಯೇ ನಡೆಯುತ್ತದೆ.

ಡಿಜಿಟಲ್ ಸಹಿಯ ಟೋಕನ್ (ಸಹಿಯ ಕೀಲಿ ಇರುವ, ಯುಎಸ್‌ಬಿಗೆ ಸಿಕ್ಕಿಸುವ ಸಾಧನ) ಬಳಸುವವರ ಕಷ್ಟ ಇದರದೇ ಇನ್ನೊಂದು ರೂಪ. ತಿಂಗಳ ಕೊನೆಯಲ್ಲಿ ಲೆಕ್ಕಪರಿಶೋಧಕರ ಕಚೇರಿಗೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಪೋರ್ಟಲಿನಲ್ಲಿ ಸಹಿ ಗುಂಡಿ ಒತ್ತಿದ ಮೇಲೆ ಬ್ರೌಸರಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಸರ್ವರ್ ಡೌನ್ ಎಂದು ಎಲ್ಲರೂ ಬಯ್ಯುತ್ತಾರೆ. ನಿಜ ಸಂಗತಿ ಎಂದರೆ, ಪಿನ್ ಕೇಳುವ ಪೆಟ್ಟಿಗೆ ಬ್ರೌಸರಿನ ಬೆನ್ನ ಹಿಂದೆ ತೆರೆದುಕೊಂಡು ಕಾಯುತ್ತಿರುತ್ತದೆ. ಟೋಕನ್ ನೋಡಿಕೊಳ್ಳುವ ಪ್ರೋಗ್ರಾಂ ಬೇರೆ, ಬ್ರೌಸರ್ ಬೇರೆ. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹಿನ್ನೆಲೆಯ ಇನ್ನೊಂದು ಪ್ರೋಗ್ರಾಂ ಮುಂದೆ ನುಗ್ಗುವುದಕ್ಕೆ ವಿಂಡೋಸ್ ಬೇಕೆಂದೇ ತಡೆ ಹಾಕುತ್ತದೆ. ಟೈಪ್ ಮಾಡುತ್ತಿರುವ ಅಕ್ಷರಗಳು ಯಾವುದೋ ಪೆಟ್ಟಿಗೆಗೆ ಬೀಳಬಾರದೆಂಬುದು ಅದರ ಉದ್ದೇಶ. ನುಗ್ಗುವ ಬದಲು ಟಾಸ್ಕ್‌ಬಾರಿನ ಚಿಹ್ನೆ ಬಣ್ಣ ಬದಲಿಸಿ ಮಿಟುಕುತ್ತದೆ. ಆ ಮಿಟುಕನ್ನು ಗಮನಿಸುವ ಅಭ್ಯಾಸ ಯಾರಿಗೂ ಇಲ್ಲ.

ಚಕ್ರ ತಿರುಗುತ್ತಲೇ ಇದ್ದರೆ ಮೊದಲು ಟಾಸ್ಕ್‌ಬಾರ್ ನೋಡಿ. ಅಲ್ಲೇನೂ ಇಲ್ಲದಿದ್ದರೆ ಬ್ರೌಸರನ್ನೇ ಮಿನಿಮೈಸ್ ಮಾಡಿ, ಪೆಟ್ಟಿಗೆ ಹಿಂದೆ ಇದ್ದರೆ ಬಯಲಾಗುತ್ತದೆ. ಸಹಿ ಗುಂಡಿಯನ್ನು ಮತ್ತೊಮ್ಮೆ ಒತ್ತಲೇಬೇಡಿ, ಎರಡು ಪೆಟ್ಟಿಗೆಗಳು ಸಾಲುಗಟ್ಟಿ ಗೊಂದಲವಾದೀತು. ‘ಪೆಟ್ಟಿಗೆ ಹಿಂದೆ ಇದ್ದೇ ಇರುತ್ತದೆ’ ಎಂಬ ಧೈರ್ಯದಲ್ಲಿ ಕುರುಡಾಗಿ ಪಿನ್ ಟೈಪ್ ಮಾಡುವುದೂ ಬೇಡ. ಆ ಅಂಕಿಗಳು ಬ್ರೌಸರಿನ ವಿಳಾಸ ಪಟ್ಟಿಗೆ ಬಿದ್ದು ಅಕ್ಕಪಕ್ಕದವರೆಲ್ಲ ಓದುತ್ತಾರೆ. ತಪ್ಪು ಪಿನ್ ಹಲವು ಬಾರಿ ಹೋದರೆ ಟೋಕನ್ ಲಾಕ್ ಆಗುತ್ತದೆ, ಅದನ್ನು ಬಿಡಿಸುವುದು ಬೇರೆಯದೇ ಯಾತನೆ.

## ನಿಜಕ್ಕೂ ಸಿಕ್ಕಿಹಾಕಿಕೊಂಡಾಗ

ವಿಂಡೋ ಬಿಳಿಚಿಕೊಂಡು, ಶೀರ್ಷಿಕೆಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬಂದರೆ ಅದು ನಿಜವಾದ ಹ್ಯಾಂಗ್. ಆಗ ನಿಮಗೆ ಕಾಣುವುದು ಪ್ರೋಗ್ರಾಮಿನ ಸ್ವಂತ ವಿಂಡೋ ಕೂಡ ಅಲ್ಲ. 5 ಸೆಕೆಂಡುಗಳ ಕಾಲ ಉತ್ತರ ಬರದಿದ್ದರೆ ವಿಂಡೋಸ್ ಅದರ ಮೇಲೆ ಒಂದು ನಕಲನ್ನು ತಂದು ನಿಲ್ಲಿಸುತ್ತದೆ, ಸರಿಸಲಿಕ್ಕೆ, ಮುಚ್ಚಲಿಕ್ಕಾದರೂ ಆಗಲಿ ಎಂದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಆ ಪ್ರೋಗ್ರಾಮಿನ ಸಾಲಿನಲ್ಲಿ ಸಿಪಿಯು ಅಥವಾ ಡಿಸ್ಕ್ ಅಂಕಿ ಬದಲಾಗುತ್ತಿದ್ದರೆ ಅದು ದುಡಿಯುತ್ತಿದೆ, ಒಂದು ಲೋಟ ಚಹಾ ಕುಡಿದು ಬನ್ನಿ. ಎರಡೂ ಸೊನ್ನೆಯಲ್ಲಿ ನಿಂತಿದ್ದರೆ ಅದು ಹೊರಗಿನ ಯಾವುದಕ್ಕೋ ಕಾಯುತ್ತಿದೆ. ಆಫ್ ಮಾಡಿಟ್ಟ ನೆಟ್‌ವರ್ಕ್ ಪ್ರಿಂಟರ್ ಅಥವಾ ಸಂಪರ್ಕ ಕಡಿದ ಹಂಚಿಕೆಯ ಫೋಲ್ಡರ್ ಸಾಮಾನ್ಯ ಆರೋಪಿಗಳು. ವರ್ಡ್, ಎಕ್ಸೆಲ್‌ಗಳು ಆಟೋರಿಕವರ್ ಪ್ರತಿಯನ್ನು (ಅಚಾನಕ್ ಮುಚ್ಚಿದರೆ ಕೆಲಸ ಮರಳಿ ಪಡೆಯುವ ನಕಲನ್ನು) ಬರೆಯುವುದು ಯಾರೂ ಬದಲಿಸದಿದ್ದರೆ 10 ನಿಮಿಷಕ್ಕೊಮ್ಮೆ. ಕೊಲ್ಲುವ ಮೊದಲು ಆ ಲೆಕ್ಕ ನೆನಪಿರಲಿ.

ಟಾಸ್ಕ್ ಮ್ಯಾನೇಜರಿನಲ್ಲೇ ಇನ್ನೊಂದು ಉಪಕಾರವಿದೆ. ಪ್ರೋಗ್ರಾಮಿನ ಹೆಸರಿನ ಪಕ್ಕದ ಬಾಣ ಒತ್ತಿದರೆ ಅದರ ವಿಂಡೋಗಳು ಒಂದೊಂದಾಗಿ ಕಾಣುತ್ತವೆ. ಬೇಕಾದದ್ದರ ಮೇಲೆ ಬಲ ಕ್ಲಿಕ್ ಮಾಡಿ ‘ಬ್ರಿಂಗ್ ಟು ಫ್ರಂಟ್’ ಅಥವಾ ‘ಮ್ಯಾಕ್ಸಿಮೈಸ್’ ಆರಿಸಿ.

## ಎಲ್ಲ ವಿಂಡೋಗಳೂ ಒಟ್ಟಿಗೇ ಮಾಯವಾದರೆ

ಒಂದೇ ಕಳೆದರೆ ದೋಷ, ಎಲ್ಲವೂ ಕಳೆದರೆ ಕೈ ತಾಗಿರುವುದು. ವಿಂಡೋಸ್ ಕೀಲಿಯ ಜೊತೆ ಡಿ ಒತ್ತಿದರೆ ಡೆಸ್ಕ್‌ಟಾಪ್ ಬಯಲಾಗುತ್ತದೆ, ಮತ್ತೆ ಒತ್ತಿದರೆ ಎಲ್ಲವೂ ಮರಳುತ್ತವೆ. ನಡುವೆ ಹೊಸದೇನಾದರೂ ತೆರೆದುಬಿಟ್ಟರೆ ಮಾತ್ರ ಮರಳುವ ದಾರಿ ಕಡಿಯುತ್ತದೆ, ಒಂದೊಂದಾಗಿ ಎತ್ತಿಕೊಳ್ಳಬೇಕು. ಟಾಸ್ಕ್‌ಬಾರಿನ ಬಲ ತುತ್ತತುದಿಯಲ್ಲಿ ಕ್ಲಿಕ್ ಬಿದ್ದರೂ ಇದೇ ಆಗುತ್ತದೆ. ವಿಂಡೋಸ್ 7ರಲ್ಲಿ, 2009ರಲ್ಲಿ ಬಂದ ‘ಶೇಕ್’ ಎಂಬ ಚಮತ್ಕಾರ ಇನ್ನೊಂದು: ಒಂದು ವಿಂಡೋದ ಶೀರ್ಷಿಕೆ ಹಿಡಿದು ಅಲ್ಲಾಡಿಸಿದರೆ ಉಳಿದವೆಲ್ಲ ಮಿನಿಮೈಸ್. ನಡುಗುವ ಕೈಯ ಹಿರಿಯರಿಗೆ ಇದು ಶಾಪವೇ ಆಗಿತ್ತು. ವಿಂಡೋಸ್ 11ರಲ್ಲಿ ಮೊದಲಿನಿಂದಲೇ ಆಫ್ ಮಾಡಿಟ್ಟಿದ್ದಾರೆ, ಒಳ್ಳೆಯದಾಯಿತು. 10ರಲ್ಲಿ ಹಾಗಾದರೆ ಮತ್ತೊಮ್ಮೆ ಅಲ್ಲಾಡಿಸಿ.

ಲ್ಯಾಪ್‌ಟಾಪುಗಳಲ್ಲಿ ಸಂಶಯ ಪಡಬೇಕಾದದ್ದು ವರ್ಚುವಲ್ ಡೆಸ್ಕ್‌ಟಾಪ್. 2015ರಲ್ಲಿ ವಿಂಡೋಸ್ 10ರ ಜೊತೆ ಬಂದದ್ದು ಇದು. ಟಚ್‌ಪ್ಯಾಡಿನ ಮೇಲೆ ನಾಲ್ಕು ಬೆರಳು ಒಟ್ಟಿಗೆ ಜಾರಿದರೆ ಪಕ್ಕದ ಡೆಸ್ಕ್‌ಟಾಪಿಗೆ ಹೋಗಿಬಿಡುತ್ತೀರಿ. ಅಲ್ಲಿಯ ಟಾಸ್ಕ್‌ಬಾರಿನಲ್ಲಿ ಇಲ್ಲಿಯ ಪ್ರೋಗ್ರಾಮುಗಳ ಗೆರೆ ಕೂಡ ತೋರುವುದಿಲ್ಲ, ಹಾಗಾಗಿ ಎಲ್ಲ ತಾನಾಗಿ ಮುಚ್ಚಿಹೋಯಿತು ಎಂದೇ ಅನಿಸುತ್ತದೆ. ವಿಂಡೋಸ್ ಮತ್ತು ಟ್ಯಾಬ್ ಒತ್ತಿ. ಎರಡೋ ಮೂರೋ ಡೆಸ್ಕ್‌ಟಾಪುಗಳು ಸಾಲಾಗಿ ಕಂಡರೆ ಗುಟ್ಟು ರಟ್ಟಾಯಿತು. ಬೇಡದವನ್ನು ಅಲ್ಲೇ ಮುಚ್ಚಿ. ಅದರೊಳಗಿನ ವಿಂಡೋಗಳು ಸಾಯುವುದಿಲ್ಲ, ಪಕ್ಕದ ಡೆಸ್ಕ್‌ಟಾಪಿಗೆ ಬಂದು ಸೇರುತ್ತವೆ.

ವಿಂಡೋಸ್ 10ರ ಟ್ಯಾಬ್ಲೆಟ್ ಮೋಡ್ ಆನ್ ಆಗಿದ್ದರೆ ಎಲ್ಲವೂ ಪರದೆ ತುಂಬಾ ತೆರೆದು, ಅಳತೆ ಬದಲಿಸಲು ಬಿಡುವುದಿಲ್ಲ. ಬಲ ಮೂಲೆಯ ಆ್ಯಕ್ಷನ್ ಸೆಂಟರಿನಲ್ಲಿ ಅದನ್ನು ಆಫ್ ಮಾಡಿ. ಬ್ರೌಸರ್ ಪರದೆ ತುಂಬಿ ಪಟ್ಟಿಗಳೆಲ್ಲ ಹೋಗಿದ್ದರೆ ಎಫ್11. ಒಂದೇ ಪ್ರೋಗ್ರಾಂ ಪ್ರತಿ ಸಲವೂ ಟಾಸ್ಕ್‌ಬಾರಿನಲ್ಲೇ ಮುದುಡಿ ತೆರೆಯುತ್ತಿದ್ದರೆ, ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು ‘ರನ್’ ಎಂಬಲ್ಲಿ ಮಿನಿಮೈಸ್ಡ್ ಎಂದಿದೆಯೇ ನೋಡಿ.

## ಡಿಟಿಪಿ ಅಂಗಡಿಯ ದೂರುಗಳು

ವಿನ್ಯಾಸದ ತಂತ್ರಾಂಶಗಳಲ್ಲಿ ಕಳೆದುಹೋಗುವುದು ದೊಡ್ಡ ವಿಂಡೋ ಅಲ್ಲ, ಅದರ ಉಪಕರಣಗಳ ಪಟ್ಟಿಗಳು. ಇವು ಆಲ್ಟ್ ಟ್ಯಾಬ್‌ಗೂ ಸಿಗುವುದಿಲ್ಲ, ಟಾಸ್ಕ್‌ಬಾರಿನಲ್ಲೂ ಬರುವುದಿಲ್ಲ. ಫೋಟೋಶಾಪಿನಲ್ಲಿ ಟೂಲ್, ಲೇಯರ್ ಎಲ್ಲ ಒಮ್ಮೆಗೇ ಹೋದರೆ ಯಾರೋ ಟ್ಯಾಬ್ ಕೀಲಿ ತಾಗಿಸಿದ್ದಾರೆ, ಮತ್ತೊಮ್ಮೆ ಒತ್ತಿ. ಮೇಲಿನ ಮೆನುವೂ ಹೋಗಿ ಸುತ್ತ ಕಪ್ಪಾಗಿದ್ದರೆ ಎಫ್ ಅಕ್ಷರ, ಮಾಮೂಲು ಪರದೆ ಬರುವ ತನಕ. ಪಟ್ಟಿಗಳು ಅಲ್ಲೊಂದು ಇಲ್ಲೊಂದು ಚೆದುರಿದ್ದರೆ ವಿಂಡೋ ಮೆನುವಿನ ವರ್ಕ್‌ಸ್ಪೇಸ್‌ನಲ್ಲಿ ರೀಸೆಟ್ ಇದೆ. ಕೋರೆಲ್‌ಡ್ರಾ ಆದರೆ ತೆರೆಯುವಾಗಲೇ ಎಫ್8 ಹಿಡಿದಿರಿ, ವರ್ಕ್‌ಸ್ಪೇಸ್ ಮೂಲ ಸ್ಥಿತಿಗೆ ಮರಳುತ್ತದೆ. ನೀವೇ ಆಸ್ಥೆಯಿಂದ ಜೋಡಿಸಿಕೊಂಡದ್ದೂ ಅಳಿಸಿಹೋಗುತ್ತದೆ ಎಂಬುದು ಗೊತ್ತಿರಲಿ.

ಎಕ್ಸೆಲ್ ತೆರೆದು ಒಳಗೆ ಬರೀ ಬೂದು ಬಣ್ಣ ಕಂಡರೆ ವ್ಯೂ ಪಟ್ಟಿಯಲ್ಲಿ ‘ಅನ್‌ಹೈಡ್’ ಒತ್ತಿ. ಯಾರೋ ವರ್ಕ್‌ಬುಕ್ಕನ್ನೇ ಮರೆಮಾಡಿ ಉಳಿಸಿದ್ದಾರೆ.

ಕನ್ನಡ ಟೈಪ್ ಮಾಡುವವರಿಗೆ ಎರಡು ತೊಡಕು ಬೇರೆ ಇವೆ. ಮೇಲೆ ಹೇಳಿದ ಎಂ, ಆರ್ ಅಕ್ಷರಗಳು ಕೆಲಸ ಮಾಡದಿದ್ದರೆ ಟಾಸ್ಕ್‌ಬಾರಿನ ಬಲಗಡೆಯ ಭಾಷಾ ಸೂಚಕ ನೋಡಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ಮೆನುವಿಗೆ ಇಂಗ್ಲಿಷ್ ಅಕ್ಷರ ಮುಟ್ಟದೇ ಹೋಗಬಹುದು. ಇಂಗ್ಲಿಷಿಗೆ ಬದಲಿಸಿ, ಇಲ್ಲವೇ ಮೆನು ತೆರೆದ ಮೇಲೆ ಕೆಳ ಬಾಣದಿಂದ ಮೂವ್‌ಗೆ ಹೋಗಿ ಎಂಟರ್ ಕೊಡಿ. ಇನ್ನೊಂದು, ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ ಬಳಸುವವರಿಗೆ ಚಿರಪರಿಚಿತ. ಹಳೆಯ ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಅತ್ತಿತ್ತ ಹೋಗುವುದು ಸ್ಕ್ರಾಲ್ ಲಾಕ್ ಕೀಲಿಯಿಂದ. ಅದು ಆನ್ ಇರುವಾಗ ಎಕ್ಸೆಲ್‌ಗೆ ಹೋದರೆ, ಬಾಣದ ಕೀಲಿಗೆ ಆಯ್ಕೆಯಾದ ಕೋಶ ಕದಲದೆ ಇಡೀ ಹಾಳೆಯೇ ಜಾರುತ್ತದೆ. ಎಕ್ಸೆಲ್ ಕೆಟ್ಟಿಲ್ಲ, ಸ್ಕ್ರಾಲ್ ಲಾಕ್ ಆಫ್ ಮಾಡಿ.

## ಉಬುಂಟುವಿನಲ್ಲಿ

ಇಲ್ಲಿ ಕೆಲಸ ಸುಲಭ. ಸೂಪರ್ ಕೀಲಿ, ಅಂದರೆ ವಿಂಡೋಸ್ ಗುರುತಿನ ಕೀಲಿಯನ್ನೇ ಹಿಡಿದು, ವಿಂಡೋದ ಯಾವ ಭಾಗವನ್ನಾದರೂ ಮೌಸಿನಿಂದ ಎಳೆಯಬಹುದು, ಶೀರ್ಷಿಕೆ ಪಟ್ಟಿಯೇ ಬೇಕೆಂದಿಲ್ಲ. ಆಲ್ಟ್ ಎಫ್7 ಸರಿಸಲು, ಆಲ್ಟ್ ಎಫ್8 ಅಳತೆ ಬದಲಿಸಲು. ಇನ್ನೊಂದು ಮಾನಿಟರಿಗೆ ಕಳಿಸಲು ಸೂಪರ್, ಶಿಫ್ಟ್ ಮತ್ತು ಬಾಣ. 2021ರ 21.04 ಆವೃತ್ತಿಯಿಂದ ಉಬುಂಟು ಬಹುತೇಕ ಯಂತ್ರಗಳಲ್ಲಿ ವೇಲ್ಯಾಂಡ್ ಎಂಬ, ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಅದರಲ್ಲಿ ಪರದೆಯ ಇಂಥ ಚುಕ್ಕೆಯಲ್ಲೇ ನಿಲ್ಲುತ್ತೇನೆ ಎಂದು ಹಟ ಹಿಡಿಯುವ ಅಧಿಕಾರವೇ ಪ್ರೋಗ್ರಾಮಿಗಿಲ್ಲ, ಜಾಗ ಕೊಡುವುದು ಡೆಸ್ಕ್‌ಟಾಪ್. ಆದ್ದರಿಂದ ಹಳೆಯ ಸಂಖ್ಯೆಯನ್ನು ನಂಬಿ ಹೊರಗೆ ಹೋಗುವ ರೋಗ ಅಲ್ಲಿ ಬಹುಮಟ್ಟಿಗೆ ಇಲ್ಲ. ಹೀಗೆ ಅಧಿಕಾರ ಕಿತ್ತುಕೊಂಡದ್ದಕ್ಕೆ ಬಯ್ಯುವವರೂ ಇದ್ದಾರೆ. ದೂರು ಕೇಳುವ ಜಾಗದಲ್ಲಿರುವ ನನಗೆ ಅದು ಸರಿಯಾದ ತೀರ್ಮಾನವೇ ಅನಿಸುತ್ತದೆ.

## ತಂತಿ ಕೀಳುವ ಮುನ್ನ

ಸಭಾಂಗಣದ ಕೆಲಸ ಮುಗಿದಾಗ ಮೊದಲು ವಿಂಡೋಸ್ ಮತ್ತು ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ ಮಾಡಿ. ವಿಂಡೋಗಳು ಈಚೆ ಬಂದ ಮೇಲೆ ಪ್ರೋಗ್ರಾಮುಗಳನ್ನು ಮುಚ್ಚಿ. ಕೊನೆಗೆ ತಂತಿ ಕೀಳಿ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮಲ್ಟಿಪಲ್ ಡಿಸ್‌ಪ್ಲೇಸ್’ ಅಡಿ ಎರಡು ಗುರುತುಗಳಿವೆ. ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ವಿಂಡೋಗಳ ಜಾಗ ನೆನಪಿಡುವುದು ಒಂದು, ಮಾನಿಟರ್ ಕಿತ್ತಾಗ ಅದರಲ್ಲಿದ್ದ ವಿಂಡೋಗಳನ್ನು ಮಿನಿಮೈಸ್ ಮಾಡುವುದು ಇನ್ನೊಂದು. ದಿನವೂ ಒಂದೇ ಮಾನಿಟರಿಗೆ ಲ್ಯಾಪ್‌ಟಾಪ್ ಜೋಡಿಸುವವರಿಗೆ ಎರಡೂ ಅನುಕೂಲ. ಹತ್ತು ಜನ ಬಳಸುವ ಹಂಚಿಕೆಯ ಯಂತ್ರದಲ್ಲಿ ಎರಡನೆಯದನ್ನು ತೆಗೆದಿಡಿ, ಏಕೆಂದರೆ ಮಿನಿಮೈಸ್ ಆದದ್ದನ್ನು ಮುಚ್ಚಿಹೋಯಿತೆಂದು ತಿಳಿಯುವವರೇ ಅಲ್ಲಿ ಹೆಚ್ಚು.

ಪ್ರೊಜೆಕ್ಟರ್ ಸದಾ ಜೋಡಿಸಿಯೇ ಇರುವ ಕೋಣೆಗಳಲ್ಲಿ ಎಕ್ಸ್‌ಟೆಂಡ್ ಬದಲು ಡೂಪ್ಲಿಕೇಟ್ ಇಟ್ಟರೆ ಈ ತಂಟೆಯಲ್ಲಿ ಮುಕ್ಕಾಲು ಭಾಗ ಬರುವುದೇ ಇಲ್ಲ. ಪವರ್‌ಪಾಯಿಂಟಿನಲ್ಲಿ ತಮ್ಮ ಟಿಪ್ಪಣಿ ತಮಗೆ ಮಾತ್ರ ಕಾಣಬೇಕು ಎನ್ನುವ ಉಪನ್ಯಾಸಕರಿಗೆ ಅದು ಒಪ್ಪಿಗೆಯಾಗದು, ಪ್ರೆಸೆಂಟರ್ ವ್ಯೂಗೆ ಎಕ್ಸ್‌ಟೆಂಡ್ ಬೇಕೇ ಬೇಕು. ಅವರಿಗೆ ಪಾಠ ಮುಗಿದ ಮೇಲೆ ಮೊದಲಿನಂತೆ ಮಾಡಿಟ್ಟು ಹೋಗಿ ಎಂದು ಪ್ರೊಜೆಕ್ಟರಿನ ಸ್ವಿಚ್ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿ, ಯಾವ ಎರಡು ಕೀಲಿ ಒತ್ತಬೇಕೆಂದು ದಪ್ಪ ಅಕ್ಷರದಲ್ಲಿ ಬರೆಯಿರಿ.